ಮೆಣಸಿನಕಾಯಿ ಮಂಡಿ ಶಾಲೆಯ ಎರಡು ಪ್ರಶ್ನೆಗಳು

ಮೊನ್ನೆ ಸರಸ್ವತಿಪುರಂನ ನಮ್ಮ ಬೀದಿಯ ಹಿಟ್ಟಿನ ಗಿರಣಿಗೆ ರಾಗಿ ಬೀಸಿಸಲು ಹೋಗಿದ್ದೆ. ನನಗಿಂತ ಮುಂಚೆ ಬಂದವರು ಯಾರೋ ಒಣಮೆಣಸಿನಕಾಯಿ ಕೊಟ್ಟಿದ್ದರು. ಗಿರಣಿ ತಿರುಗಿದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಸೆರಗು, ಕರ್ಚೀಫು ಮೂಗಿಗೆ ಒತ್ತಿಕೊಂಡು ರಸ್ತೆಗೆ ಓಡಿದರು. ಬೆಂಚಿನ ಮೇಲೆ ಉಳಿದವಳು ನಾನೊಬ್ಬಳೇ. ಗಿರಣಿಯವನು ಮುಖಕ್ಕೆ ಟವೆಲು ಸುತ್ತಿಕೊಂಡೇ, ಅಜ್ಜಿಗೆ ಘಾಟು ಬಡಿಯುವುದಿಲ್ಲವೇ ಎಂದು ಕೇಳಿದ. ಮೂರು ವರ್ಷ ಇದೇ ಘಾಟಿನಲ್ಲಿ ಕೂತು ಮಗ್ಗಿ ಹೇಳಿಕೊಟ್ಟವಳಪ್ಪ ನಾನು ಎಂದೆ. ಅವನಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಆದರೆ ಮನೆಗೆ ಬಂದ ಮೇಲೆ ಎರಡು ದಿನ ಕಾರಣವಿಲ್ಲದೆ ಸೊಸೆಯ ಮೇಲೆ ಸಿಡುಕಿದೆ, ಮೊಮ್ಮಗನ ಹೋಮ್‌ವರ್ಕ್ ಪುಸ್ತಕ ಎತ್ತಿ ಕುಕ್ಕಿದೆ. ಸಿಟ್ಟು ಅವರ ಮೇಲಲ್ಲ. ಅದು ಬಹಳ ಹಳೆಯ ಸಿಟ್ಟು, ಒಂದು ಸಂಕ್ರಾಂತಿಯಿಂದ ಮುಂದಿನ ವರ್ಷದ ಯುಗಾದಿಯವರೆಗಿನದು.

ರಾಜ್ಯವೆಲ್ಲ ಒಂದಾದ ಹೊಸತು. ನನಗೆ ಇಪ್ಪತ್ತನಾಲ್ಕು ವರ್ಷ. ಮಂಡಿ ಮೊಹಲ್ಲಾದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಹಂಗಾಮಿ ಉಪಾಧ್ಯಾಯಿನಿ. ಹಂಗಾಮಿ ಎಂದರೆ ಇವತ್ತು ಉಂಟು, ನಾಳೆ ಗೊತ್ತಿಲ್ಲ. ತಂದೆ ತೀರಿಕೊಂಡಿದ್ದರು. ವಠಾರದ ಒಂದೂವರೆ ಕೋಣೆಯ ಮನೆಯಲ್ಲಿ ಅಮ್ಮ, ಇಂಟರ್‌ಮೀಡಿಯೆಟ್ ಓದುತ್ತಿದ್ದ ತಮ್ಮ, ನಾನು. ಮೂವರೂ ಉಣ್ಣುತ್ತಿದ್ದದ್ದು ನನ್ನ ಸಂಬಳದಲ್ಲೇ.

ಶಾಲೆ ಎಂದರೆ ನಿಮ್ಮ ಕಣ್ಣಿಗೆ ಗಂಟೆ, ಮೈದಾನ, ಬೇವಿನ ಮರ ಬಂದೀತು. ಅದೊಂದೂ ಇರಲಿಲ್ಲ. ಉದ್ದನೆಯ ಒಂದು ಹಳೇ ಕಟ್ಟಡ. ಮುಂದಿನ ಅರ್ಧ ಮೆಣಸಿನಕಾಯಿ ಮಂಡಿ, ಹಿಂದಿನ ಅರ್ಧ ನಮ್ಮ ಶಾಲೆ, ನಡುವೆ ಹಲಗೆ ಹೊಡೆದ ಗೋಡೆ. ಸಂಕ್ರಾಂತಿ ಕಳೆಯಿತೆಂದರೆ ಹೊಸ ಮೆಣಸಿನಕಾಯಿಯ ಮೂಟೆಗಳು ಗಾಡಿಗಟ್ಟಲೆ ಬರುತ್ತಿದ್ದವು. ಹಮಾಲಿಗಳು ಮೂಟೆ ಕೊಡವಿ ಸುರಿಯುವುದು, ಹೆಂಗಸರು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುವುದು, ಮತ್ತೆ ತುಂಬುವುದು. ಆ ಧೂಳೆಲ್ಲ ಹಲಗೆಯ ಸಂದಿಯಲ್ಲಿ ನಮ್ಮ ಕಡೆಗೆ ಬರುತ್ತಿತ್ತು. ಅರವತ್ತೆರಡು ಮಕ್ಕಳು, ನಾಲ್ಕು ತರಗತಿ. ಎರಡೊಂದ್ಲ ಎರಡು ಎಂದು ಒಬ್ಬ ಕೆಮ್ಮಿದರೆ ಎರಡೆರಡ್ಲ ನಾಲ್ಕಕ್ಕೆ ಇಡೀ ಸಾಲು ಕೆಮ್ಮುತ್ತಿತ್ತು. ಎಂಜಲು ಹಚ್ಚಿ ಸ್ಲೇಟು ಒರೆಸಿದ ಕೈಯಲ್ಲೇ ಕಣ್ಣುಜ್ಜಿಕೊಂಡು ಗೋಳೋ ಎಂದು ಅಳುವವರನ್ನು ಕೊಳಾಯಿಗೆ ಕರೆದುಕೊಂಡು ಹೋಗಿ ತೊಳೆಸುವುದೇ ನನಗೆ ಅರ್ಧ ದಿನದ ಕೆಲಸ. ಮಾರ್ಚಿನಲ್ಲಿ ಪರೀಕ್ಷೆ, ಮಾರ್ಚಿನಲ್ಲೇ ಮಂಡಿಯ ಭರಾಟೆ. ಎರಡನ್ನೂ ಒಂದೇ ತಿಂಗಳಿಗೆ ಇಟ್ಟ ದೇವರನ್ನು ನಾನು ದಿನಾ ಬೈಯುತ್ತಿದ್ದೆ.

ಅದೇ ಬೀದಿಯ ಕೊನೆಯಲ್ಲಿ, ಹಿಂದೆ ಜಟಕಾ ಕುದುರೆಗಳ ಲಾಯವಿದ್ದ ಜಾಗ ಖಾಲಿ ಬಿದ್ದಿತ್ತು. ಅಲ್ಲೊಂದು ತಗಡಿನ ಬೋರ್ಡು: ಸರ್ಕಾರಿ ಶಾಲೆಗೆ ಕಾದಿರಿಸಿದ ಜಾಗ. ಆ ಬೋರ್ಡನ್ನು ನಾನು ಕೆಲಸಕ್ಕೆ ಸೇರಿದ ದಿನದಿಂದ ನೋಡುತ್ತಿದ್ದೆ. ತುಕ್ಕು ಹಿಡಿದು 'ಶಾಲೆ' ಅನ್ನುವಷ್ಟು ಮಾತ್ರ ಓದಲು ಬರುತ್ತಿತ್ತು. ನಮ್ಮ ಹೆಡ್‌ಮೇಷ್ಟ್ರು ರಂಗರಾಯರನ್ನು ಕೇಳಿದರೆ, ಬರೆದಿದ್ದೀನಮ್ಮ, ಮೇಲಿನವರು ನೋಡ್ತಾರೆ ಎನ್ನುತ್ತಿದ್ದರು. ಅವರಿಗೆ ನಿವೃತ್ತಿಗೆ ಒಂದು ವರ್ಷವಿತ್ತು. ಯಾರ ಕಣ್ಣಿಗೂ ಬೀಳದೆ ಆ ಒಂದು ವರ್ಷ ಕಳೆದುಬಿಟ್ಟರೆ ಸಾಕೆನ್ನುವುದು ಅವರ ಮುಖದ ಮೇಲೇ ಬರೆದಿತ್ತು.

ಆ ವರ್ಷದ ಗಣರಾಜ್ಯ ದಿನದ ಬಾವುಟಕ್ಕೆ ನಮ್ಮ ಶಾಸಕರು ಬಂದರು. ಹೆಸರು ಪುಟ್ಟಮಾದಪ್ಪ. ಬೆಲ್ಲದ ಮಂಡಿಯವರು, ಸ್ವಾತಂತ್ರ್ಯ, ಏಕೀಕರಣ ಎಂದು ಹೋರಾಡಿ ಜೈಲಿಗೆ ಹೋಗಿ ಬಂದವರು, ಯಾವ ಪಕ್ಷಕ್ಕೂ ಸೇರದೆ ನಿಂತು ಗೆದ್ದಿದ್ದವರು. ಖಾದಿ ಜುಬ್ಬ, ಅದರ ಜೇಬಿನಲ್ಲಿ ಯಾವಾಗಲೂ ಒಂದಿಷ್ಟು ಮದುವೆ ಕಾಗದಗಳು. ಊರವರು ಕೊಟ್ಟ ಲಗ್ನಪತ್ರಿಕೆಗಳ ಹಿಂಬದಿಯಲ್ಲೇ ಅವರು ಜನರ ಅಹವಾಲು ಬರೆದುಕೊಳ್ಳುತ್ತಿದ್ದದ್ದು. ಬಾವುಟ ಹಾರಿಸಿ ಒಳಗೆ ಬಂದು ಭಾಷಣ ಶುರುಮಾಡಿದರು. ಮಕ್ಕಳೇ, ನೀವೇ ನಾಳಿನ ಪ್ರಜೆಗಳು ಎನ್ನುವಷ್ಟಕ್ಕೆ ಕೆಮ್ಮು ಹತ್ತಿತು. ನೀರು ಕುಡಿದರು, ಮತ್ತೆ ಶುರುಮಾಡಿದರು, ಮತ್ತೆ ಕೆಮ್ಮು. ಕಣ್ಣೆಲ್ಲ ಕೆಂಪಾಗಿ ನೀರು ಸುರಿಯಿತು. ಮಕ್ಕಳಿಗೋ ಆನಂದವೋ ಆನಂದ. ಶಾಸಕರು ಭಾಷಣ ಅಲ್ಲಿಗೇ ಬಿಟ್ಟು ರಂಗರಾಯರ ಕಡೆ ತಿರುಗಿ, "ಏನ್ರೀ ಇದು ರಾಯರೇ, ನಂಗೆ ಐದು ನಿಮಿಷ ನಿಲ್ಲಕ್ಕಾಗ್ಲಿಲ್ಲ. ಈ ಮಕ್ಕಳು ದಿನವೆಲ್ಲ ಎಂಗೆ ಕೂತ್ಕೋತವೆ?" ಎಂದರು.

ರಾಯರು ಕೈ ಕೈ ಹಿಸುಕಿಕೊಂಡರು. ಇದನ್ನು ಸದನದಲ್ಲಿ ಎತ್ತುತ್ತೇನೆ, ಒಂದು ವಿವರ ಬರೆದುಕೊಡಿ ಎಂದು ಶಾಸಕರು ಕೇಳಿದ್ದಕ್ಕೆ, ಸರ್ಕಾರಿ ನೌಕರರು ಹಾಗೆಲ್ಲ ಶಾಸಕರಿಗೆ ಬರೆದುಕೊಡುವಂತಿಲ್ಲ ಎಂದು ತೊದಲಿದರು. ನಾನು ಹಿಂದೆ ನಿಂತಿದ್ದೆ. ನನ್ನ ಬಾಯಿ ನನ್ನ ಮಾತು ಯಾವತ್ತು ಕೇಳಿದೆ? ನಾನು ಬರೆದುಕೊಡುತ್ತೇನೆ ಸಾರ್ ಎಂದುಬಿಟ್ಟೆ. ರಾಯರು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

ಮುಂದಿನ ಭಾನುವಾರ ಬೆಳಗ್ಗೆ ಶಾಸಕರ ಮನೆಗೆ ಹೋದೆ. ನಮ್ಮ ವಠಾರದಿಂದ ಎರಡು ಬೀದಿ ಆಚೆ. ಜಗಲಿಯ ತುಂಬ ಜನ. ಚರಂಡಿಯ ದೂರಿನವರು, ಪಡಿತರದ ಅಕ್ಕಿಯಲ್ಲಿ ಕಲ್ಲು ಎನ್ನುವವರು, ಹಾಸ್ಟೆಲಿನಲ್ಲಿ ಸೀಟು ಸಿಗದ ಹಳ್ಳಿಯ ಹುಡುಗರು. ಅವರು ಎಲ್ಲರದನ್ನೂ ಲಗ್ನಪತ್ರಿಕೆಯ ಹಿಂದೆ ಗೀಚಿಕೊಳ್ಳುತ್ತಿದ್ದರು. ಸೋಮವಾರ ಬೆಳಗಿನ ರೈಲಿಗೆ ಆ ಕಾಗದಗಳ ಬಟ್ಟೆಚೀಲ ಹಿಡಿದು ಬೆಂಗಳೂರಿಗೆ ಹೋಗುವುದು, ಶನಿವಾರ ಸಂಜೆ ವಾಪಸು ಬಂದು ಅದೇ ಜಗಲಿಯ ಮೇಲೆ ಇಡೀ ಸದನವನ್ನು ಆಡಿ ತೋರಿಸುವುದು. ಸಭಾಧ್ಯಕ್ಷರೂ ಅವರೇ, ಮಂತ್ರಿಯೂ ಅವರೇ, ನಿದ್ದೆ ಮಾಡುವ ಸದಸ್ಯರೂ ಅವರೇ. ಗಂಟೆ ಹೊಡೆದು ಕೂರಿಸಿಬಿಟ್ಟರು ನೋಡಿ ಎಂದು ಹಿತ್ತಾಳೆಯ ಲೋಟಕ್ಕೆ ಚಮಚದಿಂದ ಠಣ್ ಎಂದು ಬಾರಿಸುತ್ತಿದ್ದರು. ಬೀದಿಯವರೆಲ್ಲ ನಗುತ್ತಿದ್ದರು. ಐದು ದಿನದಲ್ಲಿ ಆರು ನಿಮಿಷ ಮಾತಾಡಲು ಬಿಟ್ಟಿರುತ್ತಿದ್ದರು, ಅದನ್ನು ಅವರು ಎರಡು ಗಂಟೆ ಆಡುತ್ತಿದ್ದರು.

ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಕನ್ನಡದಲ್ಲಿ ಕೊಟ್ಟ ಪ್ರಶ್ನೆ ಭಾಷಾಂತರಕ್ಕೆ ಹೋಗಿ ಅಲ್ಲೇ ಮಲಗುತ್ತದೆ ಎನ್ನುವುದು ಅವರ ನಂಬಿಕೆ. ಅದಕ್ಕೇ ನಾನು ಬೇಕಾಗಿದ್ದೆ. ಚುಕ್ಕೆ ಗುರುತಿನ ಪ್ರಶ್ನೆ ಎಂದರೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು, ಆಮೇಲೆ ಉಪಪ್ರಶ್ನೆ ಕೇಳಬಹುದು ಎಂದು ವಿವರಿಸಿದರು. ನಾನು ಮನೆಗೆ ಹೋಗಿ ಮೂರು ದಿನ ಕೂತು ಇಂಗ್ಲಿಷಿನಲ್ಲಿ ಬರೆದೆ. ಕಟ್ಟಡದಲ್ಲಿ ಗಾಳಿ ಬೆಳಕಿಲ್ಲದಿರುವುದು, ಮೆಣಸಿನ ಧೂಳಿನಿಂದ ಮಕ್ಕಳ ಆರೋಗ್ಯಕ್ಕೆ ಅಪಾಯವಿರುವುದು, ಈ ಕಟ್ಟಡ ಶಾಲೆ ನಡೆಸಲು ಸುತರಾಂ ಯೋಗ್ಯವಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ತೆಗೆದುಕೊಂಡ ಕ್ರಮವೇನು? ಕಾದಿರಿಸಿದ ಜಾಗದ ಮಾತನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಸೇರಿಸಿದೆ.

ಅವರು ಕನ್ನಡದಲ್ಲಿ ಓದಿಸಿ ಕೇಳಿ ತಲೆ ಕೆರೆದುಕೊಂಡರು. "ಇಷ್ಟೆಲ್ಲ ಯಾಕಮ್ಮ? ಆ ಜಾಗದಲ್ಲಿ ಕಟ್ಟಡ ಯಾವತ್ತು ಕಟ್ತೀರಿ ಅಂತ ಅದೊಂದೇ ಕೇಳನ. ಸರ್ಕಾರಕ್ಕೆ ಜಾಸ್ತಿ ಮಾತು ಕೊಡಬಾರ್ದು, ಅದ್ರಲ್ಲಿ ತನಗೆ ಬೇಕಾದ್ದು ಹೆಕ್ಕೋತದೆ."

ನಾನು ಒಪ್ಪಲಿಲ್ಲ. ಕಷ್ಟ ಏನೆಂದು ಹೇಳದೆ ಪರಿಹಾರ ಕೇಳಿದರೆ ಯಾರು ಕೊಡುತ್ತಾರೆ ಸಾರ್ ಎಂದು ವಾದಿಸಿದೆ. ಓದಿದವಳು ಎನ್ನುವ ಜಂಬ. ಬೆಲ್ಲದ ಮಂಡಿಯ ಈ ಮನುಷ್ಯನಿಗೆ ಪ್ರಶ್ನೆ ಹೇಗೆ ಕೇಳಬೇಕೆಂದು ನಾನು ಕಲಿಸಹೊರಟಿದ್ದೆ. ಆಯ್ತಮ್ಮ, ಓದಿದ್ದೀಯ, ನಿನಗೆ ಗೊತ್ತು ಎಂದು ಅವರು ಸಹಿ ಹಾಕಿದರು.

ಉತ್ತರ ಬಂದದ್ದು ಯುಗಾದಿಗೆ ನಾಲ್ಕು ದಿನ ಇರುವಾಗ. ಶನಿವಾರ ರೈಲಿಳಿದವರು ಮನೆಗೂ ಹೋಗದೆ ನಮ್ಮ ವಠಾರದ ಬಾಗಿಲಿಗೆ ಬಂದಿದ್ದರು. ಮಂತ್ರಿಗಳು ಎದ್ದುನಿಂತು ಹೌದು, ಸರ್ಕಾರದ ಗಮನಕ್ಕೆ ಬಂದಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದರಂತೆ. ಅವರ ಇಷ್ಟು ದಿನದ ಶಾಸಕಗಿರಿಯಲ್ಲಿ ಯಾವ ಪ್ರಶ್ನೆಗೂ ಮಂತ್ರಿ 'ಹೌದು' ಅಂದದ್ದೇ ಇರಲಿಲ್ಲವಂತೆ. ಅಮ್ಮ ಕಾಫಿ ಕೊಟ್ಟಳು. ಸೋಮವಾರ ಶಾಲೆಗೆ ಒಂದು ಮಂಕರಿ ಬೆಲ್ಲದಚ್ಚು ಕಳಿಸಿದರು. ಮಕ್ಕಳು ಕೆಮ್ಮುತ್ತಲೇ ತಿಂದವು. ನಾನು ಖಾಲಿ ಜಾಗದ ಮುಂದೆ ಹೋಗಿ ನಿಂತು, ಯಾವ ಕಡೆ ಬಾಗಿಲು, ಯಾವ ಕಡೆ ಕಿಟಕಿ ಎಂದು ಮನಸ್ಸಿನಲ್ಲೇ ಕಟ್ಟಿದೆ. ಮುಂದಿನ ಸುಗ್ಗಿಯ ಹೊತ್ತಿಗೆ ನನ್ನ ಮಕ್ಕಳು ಅಲ್ಲಿ ಕೂತಿರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಆಮೇಲೆ ಏನೂ ಇಲ್ಲ. ಏಪ್ರಿಲ್ ಇಲ್ಲ, ಮೇ ಇಲ್ಲ, ಜೂನ್ ಇಲ್ಲ. ಶಾಸಕರು ಇಲಾಖೆಗೆ ಹೋಗಿ ಕೇಳಿದರೆ, ಐದು ಕಡೆಯ ಸೀಮೆಗಳು ಒಂದಾಗಿವೆ ಸ್ವಾಮಿ, ಐದು ತರಹದ ಕಡತಗಳಿವೆ, ಹೊಂದಿಸುವ ಕೆಲಸ ನಡೆಯುತ್ತಿದೆ ಎಂಬ ಉತ್ತರ. ಆ ವರ್ಷ ಯಾವ ಕಚೇರಿಗೆ ಹೋದರೂ ಇದೇ ರಾಗ. ನಾಡು ಒಂದಾಗಲೆಂದು ಹೋರಾಡಿದ ಮನುಷ್ಯನಿಗೆ ನಾಡು ಒಂದಾದದ್ದನ್ನೇ ನೆಪ ಹೇಳಿ ಕಳಿಸುತ್ತಿದ್ದರು. ಅವರು ಜಗಲಿಯ ಮೇಲೆ ಅದನ್ನೂ ಆಡಿ ತೋರಿಸಿದರು, ಆದರೆ ಆ ಸಲ ಅವರಿಗೇ ನಗು ಬರಲಿಲ್ಲ.

ಜುಲೈನಲ್ಲಿ, ಜಡಿಮಳೆಯ ಒಂದು ದಿನ, ಶಾಲಾ ಇನ್‌ಸ್ಪೆಕ್ಟರರು ಬಂದರು. ಮಂಡಿಯಲ್ಲಿ ಮೆಣಸಿನಕಾಯಿ ಇರಲಿಲ್ಲ, ನಾಲ್ಕು ಖಾಲಿ ಗೋಣಿಚೀಲ ಬಿದ್ದಿದ್ದವು. ಮಕ್ಕಳು ಅಚ್ಚುಕಟ್ಟಾಗಿ ಕೂತು ಒಂದು ಸಲವೂ ಕೆಮ್ಮದೆ ಪದ್ಯ ಹೇಳಿದವು. ಈತ ಇಲ್ಲೇನೂ ತೊಂದರೆ ಇಲ್ಲ ಎಂದು ಬರೆದುಬಿಟ್ಟರೆ? ಅವರ ಕೈಯಲ್ಲಿ ನಾನೇ ಬರೆದ ಪ್ರಶ್ನೆಯ ಅಚ್ಚಾದ ಪ್ರತಿ ಇತ್ತು. ನಾನು ಬರೆದದ್ದೆಂದು ಅವರಿಗೆ ಗೊತ್ತಿಲ್ಲ. ಒಂದೊಂದೇ ಮಾತು ಓದಿ, ಗಾಳಿ ಬೆಳಕು ಇಲ್ಲ ತಾನೆ, ಧೂಳು ಬರುತ್ತದೆ ತಾನೆ ಎಂದು ನನ್ನನ್ನೇ ಕೇಳಿದರು. ನಾನು ಹಲಗೆಯ ಸಂದಿ ತೋರಿಸಿದೆ, ಅಲ್ಲಿ ಕೂತಿದ್ದ ಕೆಂಪು ಧೂಳನ್ನು ಬೆರಳಲ್ಲಿ ತೆಗೆದು ತೋರಿಸಿದೆ. ಅವರು ಪ್ರತಿ ಮಾತಿಗೂ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದರು. ಸುತರಾಂ ಯೋಗ್ಯವಲ್ಲ ಎನ್ನುವ ಕಡೆ ಎರಡು ಗುರುತು. ನಾನು ಗೆದ್ದೆನೆಂದುಕೊಂಡೆ.

ದೀಪಾವಳಿ ರಜೆ ಕಳೆದು ಶಾಲೆಗೆ ಬಂದರೆ ರಂಗರಾಯರು ಕುರ್ಚಿಯಲ್ಲಿ ಬಾವಿಗೆ ಬಿದ್ದವರ ಹಾಗೆ ಕೂತಿದ್ದರು. ಒಂದು ಹುಕುಂ ನನ್ನ ಮುಂದೆ ತಳ್ಳಿದರು. ಸದರಿ ಕಟ್ಟಡವು ಶಾಲೆ ನಡೆಸಲು ಸುತರಾಂ ಯೋಗ್ಯವಲ್ಲವೆಂದು ಖಚಿತಪಟ್ಟಿರುವುದರಿಂದ ತಕ್ಷಣ ಶಾಲೆಯನ್ನು ಮುಚ್ಚತಕ್ಕದ್ದು. ಮಕ್ಕಳನ್ನು ಇನ್ನೊಂದು ಶಾಲೆಗೆ ಸೇರಿಸತಕ್ಕದ್ದು. ಅದು ದೊಡ್ಡ ರಸ್ತೆ ದಾಟಿ, ರೈಲ್ವೆ ಗೇಟು ದಾಟಿ, ಒಂದೂವರೆ ಮೈಲಿ ಆಚೆ. ಸೂಕ್ತ ಕ್ರಮ ಎಂದರೆ ಇದು! ನಾನು ಬರೆದ ಮಾತುಗಳನ್ನೇ ಎತ್ತಿಕೊಂಡು ನನ್ನ ಶಾಲೆಯ ಬಾಗಿಲಿಗೆ ಅಗುಳಿ ಹಾಕಿದ್ದರು. ಮೈಯೆಲ್ಲ ಉರಿದುಹೋಯಿತು. ಹುಕುಮನ್ನು ಹರಿದು ಬಿಸಾಡಬೇಕೆನಿಸಿತು, ಆದರೆ ರಾಯರು ಅದರ ನಕಲು ಇಲ್ಲಮ್ಮ, ಜೋಪಾನ ಎಂದರು. ವಾರ ತಿರುಗುವುದರೊಳಗೆ ನಾವಿದ್ದ ಅರ್ಧಕ್ಕೂ ಬೇರೆ ಸೀಮೆಯ ಮೊದಲ ಬೆಳೆಯ ಮೂಟೆಗಳು ಬಂದವು. ರಾಯರನ್ನು ಬೇರೆ ಕಡೆ ಹಾಕಿದರು, ನನ್ನನ್ನು ಮಕ್ಕಳ ಜೊತೆಗೆ ಹೊಸ ಶಾಲೆಗೆ.

ಮಕ್ಕಳ ಜೊತೆಗೆ ಎಂದೆನಲ್ಲ, ಯಾವ ಮಕ್ಕಳು? ಮೊದಲ ದಿನ ಬಂದವರು ಮೂವತ್ತು. ಎರಡನೇ ವಾರಕ್ಕೆ ಹತ್ತೊಂಬತ್ತು. ಹುಡುಗರಾದರೂ ಒಂದಷ್ಟು ಬಂದರು, ಹುಡುಗಿಯರು ಹೆಚ್ಚುಕಡಿಮೆ ಒಬ್ಬರೂ ಇಲ್ಲ. ನಾಲ್ಕನೇ ತರಗತಿಯಲ್ಲಿ ಪುಟ್ಟತಾಯಿ ಎಂಬ ಹುಡುಗಿ ಇದ್ದಳು. ಅವಳ ತಾಯಿ ಚಿಕ್ಕತಾಯಮ್ಮ ಅದೇ ಮಂಡಿಯಲ್ಲಿ ತೊಟ್ಟು ಬಿಡಿಸುವವಳು, ಹತ್ತಿರದ ಹಳ್ಳಿಯ ಒಕ್ಕಲು ಮನೆತನದವಳು, ಗಂಡ ಹೋದ ಮೇಲೆ ಊರು ಬಿಟ್ಟು ಬಂದಿದ್ದಳು. ಪುಟ್ಟತಾಯಿ ಕೆಮ್ಮುತ್ತಲೇ ಭಾಗಾಕಾರದ ಲೆಕ್ಕವನ್ನು ಬೋರ್ಡಿನ ಮೇಲೆ ಚಕಚಕ ಬಿಡಿಸುತ್ತಿದ್ದಳು. ಇವಳೊಬ್ಬಳನ್ನು ಹೈಸ್ಕೂಲು ಮುಟ್ಟಿಸುತ್ತೇನೆ ಎಂದು ನಾನು ಮನಸ್ಸಿನಲ್ಲೇ ಹಟ ಹಿಡಿದಿದ್ದೆ.

ಒಂದು ಸಂಜೆ ಮಂಡಿಗೆ ಹೋದೆ. ಚಿಕ್ಕತಾಯಮ್ಮ ರಾಶಿಯ ಪಕ್ಕ ಕೂತಿದ್ದಳು, ಅವಳ ಪಕ್ಕದಲ್ಲೇ ಪುಟ್ಟತಾಯಿ, ಮಡಿಲಲ್ಲಿ ಮೆಣಸಿನಕಾಯಿ. ನನ್ನನ್ನು ಕಂಡು ಹುಡುಗಿ ತಲೆ ತಗ್ಗಿಸಿದಳು. ನಾನೇ ದಿನಾ ಕರೆದುಕೊಂಡು ಹೋಗಿ ಬಿಡುತ್ತೇನೆ, ಇನ್ನು ನಾಲ್ಕು ತಿಂಗಳು ಕಳಿಸು ಎಂದು ಬೇಡಿಕೊಂಡೆ. ನಿಮಗೆ ಕಾಯಿಲೆಯಾದ ದಿನ, ಮಳೆ ಬಂದ ದಿನ ಏನು ಮಾಡಲಿ ಎಂದು ಅವಳು ಕೇಳಿದಳು. ಆಮೇಲೆ ನಿಧಾನವಾಗಿ, ಸಿಟ್ಟಿಲ್ಲದೆ ಹೇಳಿದಳು: "ಘಾಟು ಅಂತ ನಾವು ಯಾವತ್ತಾರ ಬಂದು ನಿಮ್ಗೆ ಹೇಳಿದ್ವಾ ಟೀಚರಮ್ಮ? ನಮ್ ಮಕ್ಳು ಹುಟ್ಟಿದ್ದೇ ಈ ಘಾಟ್ನಲ್ಲಿ. ಸ್ಕೂಲು ಕಣ್ಮುಂದೆ ಇತ್ತು, ಹಲಗೆ ಸಂದಿಲಿ ಮಗ್ಳು ಕಾಣೋಳು, ಕಳುಸ್ತಿದ್ದೆ. ನೀವ್ಯಾಕೆ ಹೇಳಕ್ಕೋದ್ರಿ?"

ನನ್ನ ಕಣ್ಣಲ್ಲಿ ನೀರು ಬಂತು, ಅವರು ಘಾಟಿಗೆ ಬಂತೆಂದುಕೊಂಡಿರಬೇಕು. ಅಲ್ಲೇ ಇದ್ದ ಒಬ್ಬಳು ನೀರಿನ ಚೆಂಬು ಕೊಟ್ಟಳು.

ಹೊಸ ಶಾಲೆಯಲ್ಲಿ ನಮ್ಮ ಮಕ್ಕಳಿಗೆಂದು ಬೇರೆಯೇ ಒಂದು ಹಾಜರಿ ಪುಸ್ತಕ ಇಟ್ಟಿದ್ದರು, ಅದನ್ನು ನನಗೇ ಒಪ್ಪಿಸಿದ್ದರು. ಆಗಿನ ನಿಯಮ, ಒಂದು ತಿಂಗಳು ಪೂರ್ತಿ ಮಗು ಬರದಿದ್ದರೆ ಹೆಸರು ಹೊಡೆದುಹಾಕಬೇಕು. ಹೊಡೆದ ಹೆಸರನ್ನು ಮತ್ತೆ ಹತ್ತಿಸಬೇಕಾದರೆ ಅರ್ಜಿ, ಮೇಲಿನವರ ಅಪ್ಪಣೆ, ಹತ್ತು ತಾಪತ್ರಯ. ಅದಕ್ಕೆ ಮೇಷ್ಟ್ರುಗಳ ಲೋಕದಲ್ಲಿ ಒಂದು ಉಪಾಯ ಹಿಂದಿನಿಂದ ನಡೆದುಬಂದಿತ್ತು. ಯಾವ ಮಗು ಮತ್ತೆ ಬಂದೀತೆಂಬ ಆಸೆ ಇದೆಯೋ ಅದಕ್ಕೆ ತಿಂಗಳಲ್ಲಿ ಒಂದು ದಿನ ಹಾಜರಿ ಹಾಕಿಬಿಡುವುದು. ಹೆಸರು ಉಳಿಯುತ್ತದೆ. ಸುಗ್ಗಿಗೆ ಹೋದ ಮಕ್ಕಳಿಗೆ, ಮೈಮೇಲೆ ಅಮ್ಮ ಎದ್ದ ಮಕ್ಕಳಿಗೆ ಎಲ್ಲರೂ ಮಾಡುತ್ತಿದ್ದದ್ದು. ನಾನು ಸಂಜೆ ಹೊತ್ತು ಮಕ್ಕಳನ್ನು ಕರೆಯಲು ಮನೆಮನೆಗೆ ಹೋಗುತ್ತಿದ್ದೆ, ಇವತ್ತಲ್ಲ ನಾಳೆ ಕರೆತರುತ್ತೇನೆ ಎಂಬ ಹುಚ್ಚು ಧೈರ್ಯ. ನಲವತ್ತಮೂರು ಹೆಸರಿಗೂ ತಿಂಗಳಿಗೊಂದು ದಿನ ಹಾಜರಿ ಹಾಕಿದೆ. ಅನುಮಾನ ಬರದಿರಲೆಂದು ಬೇರೆಬೇರೆ ದಿನ ಹಾಕಿದೆ. ಪುಟ್ಟತಾಯಿಗೆ ಮಾತ್ರ ಎರಡು ದಿನ ಹಾಕುತ್ತಿದ್ದೆ, ಯಾಕೋ ಗೊತ್ತಿಲ್ಲ.

ಶಾಸಕರು ಆ ಹೊತ್ತಿಗೆ ಕೆರಳಿಹೋಗಿದ್ದರು. ಬಜೆಟ್ ಚರ್ಚೆಯಲ್ಲಿ ಎದ್ದು, ಕಡ್ಡಾಯ ಶಿಕ್ಷಣ ಎಂದು ಕಾನೂನು ಮಾಡುತ್ತೀರಿ, ಇದ್ದ ಶಾಲೆಗೆ ಬೀಗ ಹಾಕುತ್ತೀರಿ, ಮಕ್ಕಳು ಕಡ್ಡಾಯವಾಗಿ ಎಲ್ಲಿಗೆ ಹೋಗಬೇಕು ಹೇಳಿ ಎಂದು ಕೂಗಾಡಿದರಂತೆ. ಗಂಟೆ ಹೊಡೆದು ಕೂರಿಸಿದರಂತೆ. ಊರಿಗೆ ಬಂದವರು ನನ್ನನ್ನು ಕರೆಸಿ, ಇನ್ನೊಂದು ಪ್ರಶ್ನೆ ಬರೆಯಮ್ಮ, ಈ ಸಲ ನಾನು ಹೇಳಿದಷ್ಟೇ ಬರೆ ಎಂದರು. ಎರಡೇ ಸಾಲು. ಕಾದಿರಿಸಿದ ಜಾಗದಲ್ಲಿ ಶಾಲೆಯ ಕಟ್ಟಡ ಯಾವಾಗ ಕಟ್ಟುತ್ತೀರಿ? ಶಾಲೆ ಮುಚ್ಚಿದ್ದರಿಂದ ಓದು ಬಿಟ್ಟ ಮಕ್ಕಳೆಷ್ಟು?

ಎರಡನೆಯದಕ್ಕೆ ಪುರಾವೆ ಬೇಕಿತ್ತು. ಮಂತ್ರಿ ಹಾರಿಕೆಯ ಉತ್ತರ ಕೊಟ್ಟರೆ ಉಪಪ್ರಶ್ನೆಯಲ್ಲಿ ಹೆಸರು ಹೆಸರಾಗಿ ಓದಿಬಿಡುವುದೆಂದು ಅವರ ಲೆಕ್ಕಾಚಾರ. ಎರಡು ಭಾನುವಾರ ಅವರೂ ನಾನೂ ಮಂಡಿ ಮೊಹಲ್ಲಾದ ಸಂದುಗೊಂದು ಸುತ್ತಿದೆವು. ಹಮಾಲಿಗಳ ಮನೆ, ಟಿಂಕರ್ ಕೆಲಸದವರ ಮನೆ, ಸಾಬರ ಬೀದಿ, ಗಾಣಿಗರ ಬೀದಿ. ಪ್ರತಿ ಮನೆಯ ಮುಂದೆ ನಿಂತು ಮಗುವಿನ ಹೆಸರು, ಈಗ ಏನು ಮಾಡುತ್ತಿದೆ ಎಂದು ನಾನು ಬರೆದುಕೊಂಡೆ. ನಲವತ್ತಮೂರು ಹೆಸರು. ಸೋಮವಾರ ಬೆಳಗ್ಗೆ ಅದೇ ಕೈಯಲ್ಲಿ ಹಾಜರಿ ಪುಸ್ತಕ ಬರೆಯುತ್ತಿದ್ದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರಾದರೂ ಇದ್ದಾರೆಂದು ನನಗೆ ಹೊಳೆಯಲೇ ಇಲ್ಲ. ಒಂದು ಹೋರಾಟಕ್ಕೆ, ಇನ್ನೊಂದು ಮಕ್ಕಳಿಗೆ ಎಂದುಕೊಂಡಿದ್ದೆ. ಇಂಥ ದಡ್ಡಿಯನ್ನು ಯಾರು ಟೀಚರ್ ಮಾಡಿದರೋ!

ಈ ಪ್ರಶ್ನೆಗೆ ಉತ್ತರ ಬಂದದ್ದು ಮತ್ತೊಂದು ಯುಗಾದಿಯ ಹೊತ್ತಿಗೆ. ಆ ಶನಿವಾರ ಜಗಲಿಯ ಮೇಲೆ ನಾಟಕ ನಡೆಯಲಿಲ್ಲ. ಅವರು ರೈಲಿಳಿದು ಮನೆಗೆ ಹೋಗಿ ಮಲಗಿಬಿಟ್ಟರಂತೆ. ಭಾನುವಾರ ಬೆಳಗ್ಗೆ ನಾನೇ ಹೋದೆ. ಜಗಲಿಯಲ್ಲಿದ್ದ ಜನರನ್ನೆಲ್ಲ ಆಮೇಲೆ ಬನ್ನಿ ಎಂದು ಕಳಿಸಿ, ನನ್ನನ್ನು ಕೂರಿಸಿಕೊಂಡು, ನಡೆದದ್ದನ್ನು ಸಣ್ಣ ದನಿಯಲ್ಲಿ ಹೇಳಿದರು.

ಮೊದಲ ಸಾಲಿಗೆ ಮಂತ್ರಿ ಕೊಟ್ಟ ಉತ್ತರ: ಸದರಿ ಸ್ಥಳದಲ್ಲಿ ಈಗ ಯಾವುದೇ ಶಾಲೆ ಇಲ್ಲದಿರುವುದರಿಂದ ಕಟ್ಟಡದ ಪ್ರಶ್ನೆ ಉದ್ಭವಿಸುವುದಿಲ್ಲ. ಎರಡನೆಯದಕ್ಕೆ ಒಂದೇ ಮಾತು: ಯಾರೂ ಇಲ್ಲ. ಇವರು ಎದ್ದು ನಿಂತು, ನಾನೇ ಮನೆಮನೆಗೆ ಹೋಗಿ ನೋಡಿ ಬಂದಿದ್ದೇನೆ, ನಲವತ್ತಮೂರು ಮಕ್ಕಳು ಓದು ಬಿಟ್ಟಿವೆ, ಹೆಸರು ಓದುತ್ತೇನೆ ಕೇಳಿ ಎಂದು ಶುರುಮಾಡಿದರು. ನಾಲ್ಕು ಹೆಸರು ಓದುವಷ್ಟರಲ್ಲಿ ಮಂತ್ರಿ ಹಿಂದೆ ಕೂತಿದ್ದ ಅಧಿಕಾರಿಯಿಂದ ಒಂದು ಕಾಗದ ಇಸಿದುಕೊಂಡರು. ಅದು ಶಾಲೆಯ ಹಾಜರಿ ಪುಸ್ತಕದ ದೃಢೀಕರಿಸಿದ ನಕಲು. ಮಾನ್ಯ ಸದಸ್ಯರು ಓದಿದ ನಾಲ್ಕೂ ಮಕ್ಕಳು ಕಳೆದ ತಿಂಗಳು ಶಾಲೆಗೆ ಹಾಜರಾಗಿದ್ದಾರೆ, ಅರವತ್ತೆರಡರಲ್ಲಿ ಅರವತ್ತೆರಡೂ ದಾಖಲಾತಿಯಲ್ಲಿವೆ, ಒಂದು ಹೆಸರೂ ಕಡಿಮೆಯಾಗಿಲ್ಲ, ಮಾನ್ಯ ಸದಸ್ಯರು ಯಾವ ಊರಿನ ಮನೆಗಳನ್ನು ಸುತ್ತಿದರೋ ತಿಳಿಯದು ಎಂದರು. ಇಡೀ ಸದನ ನಕ್ಕಿತು. ಪಕ್ಕದಲ್ಲಿ ಕೂತವರೂ ನಕ್ಕರು. ಇವರು ಕೂತುಕೊಂಡರು. ಗಂಟೆ ಹೊಡೆಯುವ ಅಗತ್ಯವೂ ಬೀಳಲಿಲ್ಲವಂತೆ.

ಇಷ್ಟು ಹೇಳಿ ನನ್ನ ಮುಖ ನೋಡಿದರು. "ಆ ಪುಸ್ತಕ ಬರೆಯೋರು ಯಾರಮ್ಮ?"

"ನಾನೇ ಸಾರ್."

ಅವರು ಯಾಕೆಂದು ಕೇಳಲಿಲ್ಲ. ನಾನೇ ಗಡಗಡ ಹೇಳಿದೆ. ಹೆಸರು ಹೋದರೆ ಮತ್ತೆ ಸೇರಿಸುವುದು ಕಷ್ಟ, ಬಂದಾರೆಂಬ ಆಸೆ, ಎಲ್ಲರೂ ಮಾಡುತ್ತಾರೆ, ನಾನು ಮೋಸಕ್ಕೆ ಮಾಡಿದ್ದಲ್ಲ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ಅವರ ಹೆಂಡತಿ ತಂದಿಟ್ಟ ಕಾಫಿ ಇಬ್ಬರ ಮುಂದೆಯೂ ಹಾಗೇ ಇತ್ತು.

ಅವರು ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನೋಡು ಕಮಲಮ್ಮ, ನಂಗಾದ ಅವಮಾನ ಒತ್ತಟ್ಟಿಗಿರ್ಲಿ. ನಾಳೆ ಹೋಗಿ, ಆ ಪುಸ್ತಕ ಸುಳ್ಳು, ವಿಚಾರಣೆ ಮಾಡಿಸಿ ಅಂತ ನಾನು ಕೇಳ್ಬೋದು. ಕೇಳಿದ್ರೆ ಮಕ್ಕಳು ಎಲ್ಲೂ ಇಲ್ಲ ಅನ್ನೋದು ಆಚೆಗೆ ಬರ್ತದೆ, ಜಾಗದ ಮಾತೂ ಮತ್ತೆ ಏಳ್ತದೆ. ಆದ್ರೆ ಮೊದ್ಲು ನಿನ್ನ ಕೆಲಸ ಹೋಯ್ತದೆ. ಹೇಳ್ಬಿಡಮ್ಮ, ಕೇಳ್ಲಾ, ಬೇಡ್ವಾ?"

ಜಗಲಿಯ ಕಂಬಕ್ಕೆ ಒರಗಿ ಅವರು ಕಾದರು. ಹಂಗಾಮಿ ನೌಕರಿ. ಮನೆಯಲ್ಲಿ ಅಮ್ಮ. ತಮ್ಮನಿಗೆ ಇನ್ನೊಂದು ವರ್ಷದ ಓದು. ಇದೆಲ್ಲ ನನ್ನ ತಲೆಯಲ್ಲಿ ಸುತ್ತಿತು ಎಂದರೆ ಅದು ನಿಜ, ಆದರೆ ಅದು ನೆಪವೂ ಹೌದು. ಚಿಕ್ಕತಾಯಮ್ಮನ ಎದುರು ಉತ್ತರವಿಲ್ಲದೆ ನಿಂತಿದ್ದೆ. ಇಲ್ಲಿ ಉತ್ತರವಿತ್ತು. ಕೇಳಿ ಸಾರ್ ಎನ್ನುವ ಎರಡು ಮಾತು. ಗಣರಾಜ್ಯ ದಿನ ಯಾರೂ ಕೇಳದಿದ್ದರೂ ತಾನಾಗಿ ಹಾರಿ ಬಂದ ಬಾಯಿ ಇದು, ಆವತ್ತು ಅದಕ್ಕೆ ಬೀಗ ಬಿದ್ದಿತ್ತು. ನಾನು ನೆಲ ನೋಡುತ್ತಾ ಕೂತೆ.

"ಆಯ್ತು ಬುಡಮ್ಮ" ಎಂದು ಅವರು ಎದ್ದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊರಗೆ ಕಾಯುತ್ತಿದ್ದ ಚರಂಡಿಯವರನ್ನು ಒಳಗೆ ಕರೆದು ಜುಬ್ಬದಿಂದ ಒಂದು ಲಗ್ನಪತ್ರಿಕೆ ತೆಗೆದರು. ಮಂಡಿ ಶಾಲೆಯ ವಿಷಯವನ್ನು ಆಮೇಲೆ ಅವರು ಸದನದಲ್ಲೂ ಎತ್ತಲಿಲ್ಲ, ನನ್ನ ಎದುರಿಗೂ ಎತ್ತಲಿಲ್ಲ. ಮುಂದಿನ ಚುನಾವಣೆಯಲ್ಲಿ ಸೋತರು. ಸದನದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವನು ಎಂದು ಎದುರಾಳಿಗಳು ಗಾಡಿಗೆ ಮೈಕು ಕಟ್ಟಿ ಕೂಗಿದ್ದನ್ನು ನಾನು ವಠಾರದ ಬಾಗಿಲಲ್ಲಿ ನಿಂತು ಕೇಳಿದೆ. ಅದಾದ ಎರಡು ವರ್ಷಕ್ಕೆ ನನ್ನ ಕೆಲಸ ಖಾಯಂ ಆಯಿತು. ಮೂವತ್ತೈದು ವರ್ಷ ಮಾಡಿ ನಿವೃತ್ತಿಯಾದೆ, ಹಾರ ಹಾಕಿ ಕಳಿಸಿದರು.

ಸದನದ ನಡಾವಳಿಗಳನ್ನೆಲ್ಲ ಅಚ್ಚು ಹಾಕಿ, ರಟ್ಟು ಕಟ್ಟಿ ಇಟ್ಟಿರುತ್ತಾರೆ. ಬೇಕಾದವರು ಹೋಗಿ ಓದಬಹುದು. ಮಂಡಿ ಮೊಹಲ್ಲಾದಲ್ಲಿ ಓದು ಬಿಟ್ಟ ಮಕ್ಕಳೆಷ್ಟು ಎಂಬ ಪ್ರಶ್ನೆಯ ಕೆಳಗೆ, ಯಾರೂ ಇಲ್ಲ ಎಂಬ ಉತ್ತರ ಇವತ್ತಿಗೂ ಹಾಗೇ ಇದೆ. ಅದನ್ನು ಯಾರೂ ತಿದ್ದಿಲ್ಲ. ತಿದ್ದಬಹುದಾಗಿದ್ದವಳು ನಾನೊಬ್ಬಳೇ.